ಬಯಲುಸೀಮೆಯವರು ಕಡಲ ಪಕ್ಕ ಇರುವುದು

ದಾವಣಗೆರೆಯವರು ಕರಾವಳಿಗೆ ಹೋಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಎರಡು ದಿನ ಇದ್ದು, "ಏನ್ರೀ ಆ ಸೆಕೆ!" ಅಂತ ಬೈದುಕೊಂಡು ಬರುತ್ತಾರೆ. ಬೈಯುವುದು ಸರಿಯೇ. ನಮ್ಮಲ್ಲಿ 38 ಡಿಗ್ರಿ ಇದ್ದರೂ ಅದು ಒಣ ಬಿಸಿಲು, ನೆರಳಿಗೆ ಬಂದರೆ ಜೀವ ತಣ್ಣಗಾಗುತ್ತದೆ. ಅಲ್ಲಿ 33 ಇದ್ದರೂ ಗಾಳಿಯೇ ಹಸಿ, ಮೈಮೇಲಿನ ಬೆವರು ಆರುವುದಿಲ್ಲ. ನಾನು ಮತ್ತು ನಮ್ಮ ಮನೆಯವರು ಇಬ್ಬರೂ ಮೇಷ್ಟ್ರ ಕೆಲಸದಿಂದ ನಿವೃತ್ತರು, ಶಾಲೆ ರಜೆಯ ಹಂಗಿಲ್ಲ. ಅದಕ್ಕೇ ದೀಪಾವಳಿ ಮುಗಿಸಿ ಕುಮಟಾ ಕಡೆ ಹೊರಡುತ್ತೇವೆ, ಶಿವರಾತ್ರಿ ಹೊತ್ತಿಗೆ ವಾಪಸ್. ಹಾವೇರಿ, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಆಯ್ತು.

ಬಾಡಿಗೆ ಮನೆ ಸಮುದ್ರಕ್ಕೆ ಎದುರಾಗಿಯೇ ಬೇಕು ಅಂತ ಎಲ್ಲರಿಗೂ ಆಸೆ. ನಾವು ಬೇಕಂತಲೇ ಒಳಗೆ, ತೆಂಗಿನ ತೋಟದ ಹಿಂದೆ ಹಿಡಿದೆವು. ಚಿರೆಕಲ್ಲಿನ ಗೋಡೆ, ಹಂಚಿನ ಮಾಡು. ನೀರಿಗೆ ಹತ್ತಿರವಾದಷ್ಟೂ ಉಪ್ಪುಗಾಳಿಯ ಕಾಟ ಜಾಸ್ತಿ. ಗೇಟು, ಬೈಕಿನ ಚೈನು, ಗ್ಯಾಸ್ ಒಲೆ ಎಲ್ಲಕ್ಕೂ ತುಕ್ಕು. ಮನೆ ನೋಡುವಾಗ ನಾನು ಮೊದಲು ಮುಟ್ಟಿ ನೋಡಿದ್ದು ಕಿಟಕಿಯ ಸರಳು. ಆಮೇಲೆ ಬಾವಿ ನೀರು ಒಂದು ಬಾಟಲಿ ತಂದು ತೊಗರಿಬೇಳೆ ಬೇಯಿಸಿದೆ. ನೀರು ಗಡಸಾಗಿದ್ದರೆ ಬೇಳೆ ಬೇಗ ಕರಗುವುದಿಲ್ಲ, ಅಲ್ವಾ? ಕರಗಿತು. ಮನೆಯ ಯಜಮಾನರು ಮಾತ್ರ ಮುಚ್ಚುಮರೆ ಇಲ್ಲದೆ ಹೇಳಿದರು: "ಅಕ್ಕೋರೇ, ಈಗ ಅಡ್ಡಿಲ್ಲ. ಬೇಸಿಗೆಗೆ ಸ್ವಲ್ಪ ಸವುಳು ಆಗ್ತದೆ." ಬಾವಿಯ ಸಿಹಿನೀರು ಕೆಳಗಿಳಿದಾಗ ಉಪ್ಪುನೀರು ಒಳಗೆ ನುಗ್ಗುವುದು ಅಲ್ಲಿ ಮಾಮೂಲು. ಶಿವರಾತ್ರಿಗೆ ವಾಪಸಾಗಲು ಅದೂ ಒಂದು ಕಾರಣ.

ಊರಿಂದ ಒಯ್ದ ಮಂಡಕ್ಕಿಯ ಪಾಡು ಕೇಳಬೇಡಿ. ಚೀಲದ ಬಾಯಿ ಬಿಚ್ಚಿಟ್ಟರೆ ಸಂಜೆಗೆ ಮೆತ್ತಗೆ. ಮಿರ್ಚಿ ಕರಿಯುವ ಮುಂಚೆ ಬಾಣಲೆಯಲ್ಲಿ ಒಂದು ಸುತ್ತು ಬಿಸಿ ಮಾಡಿಕೊಳ್ಳುತ್ತೇನೆ.

ಇಷ್ಟೆಲ್ಲ ಯಾಕೆ ಅಂದರೆ, ಸಮುದ್ರವನ್ನು ಸುಮ್ನೆ ನೋಡುವುದು ಬೇರೆ, ಅದರ ಲೆಕ್ಕಕ್ಕೆ ಬದುಕುವುದು ಬೇರೆ. ದಾವಣಗೆರೆಯಲ್ಲಿ ತಿಥಿ ನೋಡುತ್ತಿದ್ದದ್ದು ಹಬ್ಬಕ್ಕೆ. ಇಲ್ಲಿ ವಾಕಿಂಗಿಗೂ ಪಂಚಾಂಗ ಬೇಕು. ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ದಿನವೂ ಸುಮಾರು 50 ನಿಮಿಷ ತಡ. ಚಂದ್ರನೂ ದಿನಾ ಅಷ್ಟೇ ತಡವಾಗಿ ಹುಟ್ಟುತ್ತಾನೆ. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ, ಚಂದ್ರ ಒಂದೇ ಸಾಲಿನಲ್ಲಿ ಎಳೆಯುವುದರಿಂದ ಏರಿಳಿತ ಜೋರು, ಅಷ್ಟಮಿ ಆಸುಪಾಸು ಕಮ್ಮಿ. ಹುಣ್ಣಿಮೆಯ ಬೆಳಗಿನ ಜಾವ ಹೋದರೆ ನೀರು ಎಲ್ಲೋ ಹಿಂದೆ ಹೋಗಿರುತ್ತದೆ. ಮರಳು ಗಟ್ಟಿಯಾಗಿ, ಹೆಜ್ಜೆ ಹುಗಿಯದೆ ಸಿಮೆಂಟ್ ನೆಲದ ಹಾಗೆ ಸಿಗುತ್ತದೆ. ಮಂಡಿನೋವಿನ ನಮ್ಮ ಮನೆಯವರು ಅಂಥ ದಿನ ದೂರದವರೆಗೂ ನಡೆಯುತ್ತಾರೆ. ಅಷ್ಟಮಿಯಂದು ಕರೆದರೆ ಏಳುವುದೇ ಇಲ್ಲ.

ಆ ಹೊತ್ತಿನಲ್ಲಿ ಬೀಸುವುದು ನೆಲದ ಕಡೆಯ ತಣ್ಣನೆ ಗಾಳಿ. ಹೊತ್ತು ಏರಿ ನೆಲ ಕಾದ ಮೇಲೆ ಗಾಳಿ ದಿಕ್ಕು ಬದಲಿಸಿ ಕಡಲಿಂದ ಬರುತ್ತದೆ. ನಮ್ಮ ಮಧ್ಯಾಹ್ನದ ನಿದ್ದೆ ಆ ಗಾಳಿಗೇ ಮೀಸಲು.

ಒಂದು ದಿನ ಅಘನಾಶಿನಿ ನದಿ ಕಡಲು ಸೇರುವ ಅಳಿವೆಗೆ ಹೋಗಿ. ಅದು 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಸೇರಿದ ಜಾಗ. ನೀರಿಳಿದಾಗ ಹೆಂಗಸರು ಮೊಣಕಾಲುದ್ದದ ನೀರಲ್ಲಿ ಬಗ್ಗಿ ಬಳಚು ಅನ್ನುವ ಚಿಪ್ಪುಮೀನು ಆರಿಸುತ್ತಿರುತ್ತಾರೆ. ಅಲ್ಲಿನ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಉಪ್ಪನ್ನು ತಾಳಿಕೊಳ್ಳುವ ಕಗ್ಗ ಅನ್ನುವ ಭತ್ತ ಬೆಳೆಯುತ್ತದೆ. ಭದ್ರಾ ಕಾಲುವೆ ನೀರಿನ ಭತ್ತ ನೋಡಿ ಬೆಳೆದ ನನಗೆ ಅದನ್ನು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ನಾವು ಮೀನು ತಿನ್ನುವವರಲ್ಲ. ಹಾಗಾದರೆ ಅಲ್ಲಿ ಏನು ತಿಂತೀರಿ ಅಂತ ನೆಂಟರು ಕೇಳುತ್ತಾರೆ. ಅಲ್ಲಿನ ಹಾಲಕ್ಕಿ ಸಮುದಾಯದ ಹೆಂಗಸರು ತರುವ ಬಸಳೆ, ಹರಿವೆ, ಮೊಗೆಕಾಯಿ ಸಾಲದೇ? ಜೋಳದ ಹಿಟ್ಟು ಮಾತ್ರ ಊರಿಂದಲೇ ಒಯ್ಯುತ್ತೇವೆ.

ಇಷ್ಟು ಹೇಳಿದರೂ ಮೇ ತಿಂಗಳಲ್ಲೇ ಹೋಗುತ್ತೇವೆ ಅನ್ನುವವರಿದ್ದಾರೆ. ಹೋಗಿ. ಹೆದ್ದಾರಿ ಪಕ್ಕ ಜಡೆ ಹೆಣೆದು ತೂಗಿಹಾಕಿದ ಕುಮಟಾದ ಸಿಹಿ ಈರುಳ್ಳಿ ಸಿಗುವುದು ಆಗಲೇ, ನನಗೂ ಒಂದು ಗೊಂಚಲು ತನ್ನಿ. ತಿಂಗಳ ಕೊನೆಗೆ ಅಲೆ ಜೋರಾಗಲು ಶುರುವಾದರೆ ಮಾತ್ರ ಮಕ್ಕಳನ್ನು ನೀರಿಗೆ ಬಿಡಬೇಡಿ. ಜೂನ್, ಜುಲೈನಲ್ಲಂತೂ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ ಇರುತ್ತದೆ.