ನಮ್ಮವರಿಗೇ ಲೇಟ್ ಮಾರ್ಕ್ ಹಾಕುವಾಗ

ಪುಣೆ ಹತ್ತಿರದ ಚಾಕಣ್‌ನಲ್ಲಿ ಒಂದು ಕಾರ್ಖಾನೆಯ ಎಚ್‌ಆರ್ ಕೆಲಸ ನನ್ನದು. ಹಾಜರಿ, ರಜೆ, ಸೇಫ್ಟಿ ಶೂ, ಗೇಟಿನಲ್ಲಿ ಗುಟ್ಕಾ ತಪಾಸಣೆ (ರಾಜ್ಯದಲ್ಲಿ 2012ರಿಂದಲೇ ನಿಷೇಧ, ಆದರೂ ಜೇಬಿನಲ್ಲಿ ಇದ್ದೇ ಇರುತ್ತದೆ), ಎಲ್ಲದರ ನಿಷ್ಠುರವೂ ನನ್ನ ತಲೆಗೆ. ನಮ್ಮಲ್ಲಿ ವಿಜಯಪುರ, ಕಲಬುರಗಿ ಕಡೆಯ ಹುಡುಗರು ಜಾಸ್ತಿ. ಮರಾಠಿಯವರಿಗೆ ನಾನು ಮೇಡಂ, ಇವರಿಗೆ ಅಕ್ಕಾರ. ಮೇಡಂ ನೋಟಿಸ್ ಕೊಟ್ಟರೆ ಸಿಟ್ಟು ಬರುತ್ತದೆ, ಎರಡು ದಿನಕ್ಕೆ ಇಳಿಯುತ್ತದೆ. ಅಕ್ಕಾರ ಕೊಟ್ಟರೆ ಮನಸ್ಸೇ ಮುರಿಯುತ್ತದೆ. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು ನಿಯಮವನ್ನೇ ಸರಿಯಾಗಿ ಓದಿ. ರಾತ್ರಿ ನಿದ್ದೆ ಕೆಡಿಸುವುದು ಎಷ್ಟೋ ಸಲ ಆ ಮನುಷ್ಯನ ಮುಖ ಅಲ್ಲ, ನಿಯಮವೇ ಸರಿಯಿಲ್ಲ ಎಂಬ ಅನುಮಾನ. 'ಮೂರು ಸಲ ತಡವಾದರೆ ಅರ್ಧ ದಿನದ ಸಂಬಳ ಕಟ್' ಎಂದು ಎಷ್ಟೋ ಕಡೆ ಇದೆ. ಆದರೆ ಗೈರಾದ ಹೊತ್ತಿಗೆ ತಕ್ಕಷ್ಟೇ ಸಂಬಳ ಹಿಡಿಯಬಹುದು, ಅದಕ್ಕಿಂತ ಹೆಚ್ಚಿಲ್ಲ. ದಂಡ ಹಾಕುವುದಾದರೆ ಆ ತಿಂಗಳ ಸಂಬಳದ ಶೇಕಡಾ 3 ಮೀರುವಂತಿಲ್ಲ. 18,000 ಸಂಬಳದವನಿಗೆ 540 ರೂಪಾಯಿ, ಅಷ್ಟೇ. ಕಂತಿನಲ್ಲಿ ಹಿಡಿಯುವಂತಿಲ್ಲ, ಆ ದುಡ್ಡನ್ನು ಕೆಲಸಗಾರರ ಒಳಿತಿಗೇ ಖರ್ಚು ಮಾಡಬೇಕು. 1936ರ ವೇತನ ಪಾವತಿ ಕಾಯ್ದೆಯಲ್ಲೂ ಹೀಗೇ ಇತ್ತು, 2019ರ ವೇತನ ಸಂಹಿತೆಯಲ್ಲೂ ಹೀಗೇ ಇದೆ. ನಿಮ್ಮ ಕಂಪನಿಯ ನಿಯಮ ಇದಕ್ಕೆ ಹೊಂದದಿದ್ದರೆ ಮೇಲಿನವರಿಗೆ ಮೇಲ್ ಹಾಕಿ. ಬಾಯಿಮಾತು ಸಾಲದು. ಒಬ್ಬರ ಹೊಟ್ಟೆ ಮೇಲೆ ಹೊಡೆಯುವ ಮುಂಚೆ ಇಷ್ಟಾದರೂ ಮಾಡಬೇಕಲ್ವಾ?

ನಿಯಮ ಸರಿಯಿದ್ದರೆ, ನೋಟಿಸ್ ಪತ್ರಕ್ಕಿಂತ ಮುಂಚೆ ನಿಮ್ಮ ಮಾತು ಅವರಿಗೆ ಮುಟ್ಟಲಿ. ಲೈನ್ ಮೇಲೆ ಎಲ್ಲರ ಎದುರು ಬೇಡ. ಇಂಡಿ ಕಡೆಯ ಒಬ್ಬ ಸಿಎನ್‌ಸಿ (ಕಂಪ್ಯೂಟರ್ ಹಿಡಿತದ ಮೆಷಿನ್) ಆಪರೇಟರ್ ಇದ್ದಾನೆ, ಕೆಲಸದಲ್ಲಿ ಬಹಳ ಚುರುಕು. ಮನೆ ಮೋಶಿಯಲ್ಲಿ, ಹೆಂಡತಿಗೆ ರಾತ್ರಿ ಪಾಳಿ. "ಮಗಳ ಶಾಲಿ ವ್ಯಾನ್ ಎಂಟಕ್ಕ ಬರ್ತದ್ರಿ ಅಕ್ಕಾರ. ಅದು ಹೋಗೂತನಕ ನಾ ಹೊರಡೂ ಹಂಗಿಲ್ಲ." ಎಂಟೂವರೆಗೆ ಶಿಫ್ಟ್. ಚಾಕಣ್ ಚೌಕದ ಟ್ರಾಫಿಕ್ ಕಂಡವರಿಗೆ ಮುಂದಿನದು ಹೇಳಬೇಕಿಲ್ಲ. ನಾನೆಂದೆ, "ತಮ್ಮಾ, ಪತ್ರ ಕೊಡೂದಂತೂ ತಪ್ಪಂಗಿಲ್ಲ. ಈಗ ಹೇಳಿದ್ದನ್ನ ಹಂಗ ಬರದು ಕೊಡು, ಫೈಲಿಗೆ ಹಚ್ಚತೀನಿ. ಸೆಕೆಂಡ್ ಶಿಫ್ಟಿಗೂ ಒಂದು ಅರ್ಜಿ ಹಾಕು." ದಂಡಕ್ಕೆ ಮುಂಚೆ ಅವರ ಮಾತು ಕೇಳಬೇಕು ಅಂತ ಕಾನೂನೇ ಹೇಳುತ್ತದೆ, ಹಾಗಾಗಿ ಇದು ಉಪಕಾರವೇನಲ್ಲ. ಅವನು ಪತ್ರವನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿ ಚೀಲಕ್ಕೆ ತುರುಕಿಕೊಂಡು ಹೋದ. ಆಮೇಲೆ ಬಹಳ ದಿನ ಕ್ಯಾಂಟೀನಿನಲ್ಲಿ ನನ್ನ ಟೇಬಲ್ ಕಡೆ ಬರಲಿಲ್ಲ.

ಇಲ್ಲೇ ಎಚ್ಚರ ಬೇಕು. "ಸಿಟ್ಟಾದಿ ಏನೋ?" ಅಂತ ಹಿಂದೆ ಬಿದ್ದು ಕೇಳಬೇಡಿ. ಪೆಟ್ಟು ತಿಂದವನೇ ನಿಮಗೆ ಸಮಾಧಾನ ಹೇಳಲಿ ಅಂದಂತಾಗುತ್ತದೆ. ಸಿಟ್ಟು ಅವನ ಹಕ್ಕು. ಎದುರಿಗೆ ಸಿಕ್ಕರೆ ಎಂದಿನಂತೆ ನಮಸ್ಕಾರ ಹೇಳಿ, ಉತ್ತರ ಬರದಿದ್ದರೆ ಸುಮ್ನೆ ಮುಂದೆ ಹೋಗಿ. ಎಲ್ಲರಿಗೂ ಬೇಕಾದವಳಾಗಿ ಇರಬೇಕು ಅನ್ನುವ ಆಸೆ ಈ ಕುರ್ಚಿಗೆ ಹೊಂದುವುದಿಲ್ಲ.

ವಿನಾಯಿತಿ ಕೊಡುವುದಿದ್ದರೆ ಮುಂಚೆಯೇ ಬೋರ್ಡಿಗೆ ಹಾಕಿ. ಆಷಾಢ ಏಕಾದಶಿಗೆಂದು ಆಳಂದಿ, ದೇಹುಗಳಿಂದ ಪಂಢರಪುರಕ್ಕೆ ಪಾಲಖಿ (ಸಂತರ ಪಾದುಕೆಯ ಪಲ್ಲಕ್ಕಿ) ಹೊರಟಾಗ ಈ ಕಡೆ ಎಷ್ಟೋ ರಸ್ತೆ ಬಂದ್. ಆ ದಿನ ತಡವಾದರೆ ಲೆಕ್ಕಕ್ಕಿಲ್ಲ ಅಂತ ವಾರ ಮುಂಚೆ ಬರೆದರೆ ಎಲ್ಲರಿಗೂ ಒಂದೇ. ಸಾಹೇಬರ ಫೋನ್ ಬಂತೆಂದು ಒಬ್ಬ ಸೂಪರ್‌ವೈಸರ್‌ನ ಲೇಟ್ ಮಾರ್ಕ್ ಅಳಿಸಿ ನೋಡಿ, ಸಂಜೆಯೊಳಗೆ ಇಡೀ ಶಾಪ್‌ಫ್ಲೋರ್‌ಗೆ ಗೊತ್ತಾಗಿರುತ್ತದೆ. ಗ್ರೈಂಡಿಂಗ್ ಚಕ್ರದ ಮುಂದೆ ಸೇಫ್ಟಿ ಕನ್ನಡಕ ಹಾಕದವನ ವಿಷಯದಲ್ಲಿ ಮಾತ್ರ ಮುಲಾಜೇ ಬೇಡ. ಮೊದಲು ಮೆಷಿನ್ ನಿಲ್ಲಿಸಿ, ಮಾತು ಆಮೇಲೆ.

ಇನ್ನು ನಿಮ್ಮ ಮನಸ್ಸಿನದು. ಆಫೀಸಿನೊಳಗೆ ಯಾರ ಹತ್ತಿರವೂ ತೋಡಿಕೊಳ್ಳುವಂತಿಲ್ಲ, ಬೇರೆಯವರ ಗುಟ್ಟು ಹೊರಬೀಳುತ್ತದೆ. ರಾಂಜಣಗಾವ್‌ನಲ್ಲಿ ಇದೇ ಕೆಲಸ ಮಾಡುವ ಗೆಳತಿ ಇದ್ದಾಳೆ, ಧಾರವಾಡದವಳು. ಹೆಸರು ಹೇಳದೆ ಇಬ್ಬರೂ ಫೋನಿನಲ್ಲಿ ಹೊಟ್ಟೆಯಲ್ಲಿದ್ದದ್ದನ್ನು ಕಕ್ಕುತ್ತೇವೆ, ಬೈದುಕೊಳ್ಳುವುದೂ ಇದೆ. ಕೆಲಸದ ನೆನಪಿಗೇ ಹೊಟ್ಟೆ ತೊಳಸುವುದು, ನಿದ್ದೆ ಬಾರದಿರುವುದು ವಾರಗಟ್ಟಲೆ ನಡೆದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಕನ್ನಡವನ್ನೇ ಆರಿಸಿಕೊಳ್ಳಬಹುದು. ಅಳು ಬರುವಾಗ ಮರಾಠಿ ಹುಡುಕುತ್ತ ಕೂರುವುದು ಯಾರಿಗೆ ಬೇಕು!

ಹಾಂ, ವಾರದ ರಜೆಯ ಹಿಂದಿನ ಸಂಜೆ ಪತ್ರ ಕೊಡಬೇಡಿ, ಸಂಬಳದ ದಿನವಂತೂ ಬೇಡವೇ ಬೇಡ. ವಾರದ ನಡುವೆ, ಬೆಳಗಿನ ಚಹಾ ಮುಗಿದ ಮೇಲೆ ಕೊಡಿ. ಏನಾದರೂ ಕೇಳುವುದಿದ್ದರೆ ಅದೇ ಸಂಜೆ ನಿಮ್ಮ ಬಾಗಿಲಿಗೆ ಬರುತ್ತಾರೆ. ಅವತ್ತು ಮಾತ್ರ ಬೇಗ ಮನೆಗೆ ಹೊರಡಬೇಡಿ.