ಹೆಂಚಿನ ಬಿಲ್ಲೆ, ಟ್ಯೂಬಿನ ಚೆಂಡು

ಹೋದ ಏಪ್ರಿಲ್‌ನಲ್ಲಿ ನಮ್ಮ ಹಳೇ ಮನೆಯ ಕೊಟ್ಟಿಗೆಯ ಹೆಂಚು ಇಳಿಸಿ ಶೀಟ್ ಹಾಕಿಸಿದೆವು. ಮನೆ ಇರುವುದು ಮೂಡಿಗೆರೆ ಹತ್ತಿರ, ನಾನಿರುವುದು ಹಾಸನದಲ್ಲಿ. ಮಂಗಗಳ ಕಾಟಕ್ಕೆ ವರ್ಷಕ್ಕೆ ಎರಡು ಸಲ ಹೆಂಚು ಹೊದಿಸಿ ಹೊದಿಸಿ ಅಮ್ಮನಿಗೆ ಸಾಕಾಗಿತ್ತು. ನಾಲ್ಕು ದಿನ ರಜೆ ಹಾಕಿ, ಮಗನನ್ನೂ ಕರೆದುಕೊಂಡು ಹೋದೆ. ಬೆಂಗಳೂರಿಂದ ತಂಗಿಯ ಇಬ್ಬರು ಮಕ್ಕಳೂ ಬಂದಿದ್ದರು. ಇಳಿಸಿದ ಹೆಂಚಲ್ಲಿ ಒಡೆದಿದ್ದೇ ಒಂದು ರಾಶಿ. ಕೆಲಸದವರು ಅದನ್ನು ಗುಂಡಿಗೆ ಸುರಿಯಲು ಹೊರಟಾಗ, 'ತಡೀರಿ, ಒಂದು ಬುಟ್ಟಿ ಇಲ್ಲೇ ಇರಲಿ' ಅಂದೆ. ಯಾಕೆ ಅಂತ ಅಮ್ಮ ಕೇಳಲಿಲ್ಲ. ಒಗೆಯೋ ಕಲ್ಲಿನ ಕಡೆ ಒಂದು ಸಲ ನೋಡಿ, ನನ್ನ ಮುಖ ನೋಡಿದರು. ಅರ್ಥ ಆಗಿತ್ತು.

ಲಗೋರಿ ಬಿಲ್ಲೆ ಮಾಡೋಕೆ ಮಂಗಳೂರು ಹೆಂಚಿಗಿಂತ ಒಳ್ಳೆ ಸಾಮಾನಿಲ್ಲ. ಹೊಳೆ ಕಲ್ಲು ಚಪ್ಪಟೆ ಇದ್ದರೂ ಜಾರುತ್ತದೆ. ನಾಡಹೆಂಚು ಬಾಗಿರುತ್ತದೆ, ಒಂದರ ಮೇಲೊಂದು ಕೂರುವುದಿಲ್ಲ. ಮಂಗಳೂರು ಹೆಂಚು ಗಟ್ಟಿ, ಆದರೆ ಉಜ್ಜಿದರೆ ಸವೆಯುತ್ತದೆ. ತೆಲುಗಿನಲ್ಲಿ ಈ ಆಟಕ್ಕೆ 'ಏಡು ಪೆಂಕುಲಾಟ' ಅನ್ನುತ್ತಾರೆ, ಏಳು ಹೆಂಚಿನ ಚೂರಿನ ಆಟ ಅಂತ. ಅಲ್ಲಿನ ಹುಡುಗರಿಗೂ ಹೆಂಚೇ ಸಿಕ್ಕಿದ್ದು ಅನ್ನಿ. ನಮ್ಮ ಪಕ್ಕದ ಎಸ್ಟೇಟಿನ ಲೈನ್ ಮನೆಯ, ಅಂದರೆ ಕೂಲಿ ಕೆಲಸದವರ ಸಾಲು ಮನೆಯ, ಮಕ್ಕಳು ತಮಿಳಲ್ಲಿ 'ಏಳು ಕಲ್ಲು' ಅನ್ನುತ್ತಿದ್ದರು.

ನಮ್ಮ ಕೊಟ್ಟಿಗೆಯ ಹೆಂಚಿನ ಹಿಂದೆ ಬಾಸೆಲ್ ಮಿಷನ್ ಅಂತ ಇಂಗ್ಲಿಷ್ ಅಕ್ಷರ ಒತ್ತಿದ್ದವು, ಪಕ್ಕದಲ್ಲಿ 1865. ಚಿಕ್ಕವನಿದ್ದಾಗ ಅದನ್ನು ನೋಡಿ, ನಮ್ಮ ಮನೆ 1865ರದ್ದು ಅಂತ ಸ್ಕೂಲಲ್ಲಿ ಕೊಚ್ಚಿಕೊಳ್ಳುತ್ತಿದ್ದೆ. ಮನೆ ಕಟ್ಟಿಸಿದ್ದು ನಮ್ಮ ಅಜ್ಜ. ಹಾಗಾದರೆ ಅಜ್ಜನಿಗೆ ನೂರಿಪ್ಪತ್ತು ವರ್ಷ ಆಗಿರಬೇಕಲ್ಲ ಅಂತ ಒಬ್ಬ ಲೆಕ್ಕ ಹಾಕಿ ಮಾನ ಕಳೆದ. ಮಿಷನ್‌ನವರು, ಅಂದರೆ ಕ್ರೈಸ್ತ ಪಾದ್ರಿಗಳ ಸಂಸ್ಥೆಯವರು, ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು. ಆ ಕಾರ್ಖಾನೆಯಿಂದ ಘಾಟಿ ಹತ್ತಿ ಮಲೆನಾಡಿಗೆ ಬಂದ ಹೆಂಚಿನ ಬೆನ್ನಿಗೆ ಅದೇ ವರ್ಷ.

ಈಗ ಬಿಲ್ಲೆ ಮಾಡಿದ್ದು ಹೇಗೆ ಅಂತ ಹೇಳುತ್ತೇನೆ. ಮೊದಲು ಚೂರನ್ನು ಬೆರಳಲ್ಲಿ ತೂಗಿ ಹಿಡಿದು ಗೆಣ್ಣಿನಿಂದ ಬಡಿದು ನೋಡಬೇಕು. ಠಣ್ ಅಂದರೆ ಚೆನ್ನಾಗಿ ಸುಟ್ಟ ಹೆಂಚು. ದಬ್ ಅಂದರೆ ಬೆಂದಿಲ್ಲ, ಇಲ್ಲಾ ಒಳಗೆ ಬಿರುಕಿದೆ. ಅದನ್ನು ಬಿಸಾಕಿ. ಆರಿಸಿದ ಚೂರನ್ನು ರಾತ್ರಿ ಬಕೆಟ್ ನೀರಲ್ಲಿ ನೆನೆಹಾಕಿದೆ. ಒಣ ಹೆಂಚು ಉಜ್ಜಿದರೆ ಧೂಳು ಮೂಗಿಗೆ ಬರುತ್ತದೆ. ಬೆಳಿಗ್ಗೆ ಕಲ್ಲಿನ ಅಂಚಿಗೆ ಚೂರು ಹಿಡಿದು, ಕತ್ತಿಯ ಹಿಂಬದಿಯಿಂದ ಮೂಲೆಗಳನ್ನು ಮೆಲ್ಲಗೆ ಕಚ್ಚಿಸುತ್ತಾ ಬಂದೆ. ಒಂದೇ ಏಟಿಗೆ ದುಂಡಗೆ ಮಾಡಲು ಹೋದರೆ ನಡುವೆ ಸೀಳುತ್ತದೆ. ನನ್ನ ಮಗ ಹಾಗೆ ನಾಲ್ಕು ಚೂರು ಸೀಳಿದ. ಐದನೆಯದಕ್ಕೆ ಕೈ ಬಂತು.

ಆಮೇಲೆ ಉಜ್ಜೋ ಕೆಲಸ. ಒಗೆಯೋ ಕಲ್ಲಿನ ಮೇಲೆ ನೀರು ಚಿಮುಕಿಸಿ ಅಂಚನ್ನು ತಿರುಗಿಸುತ್ತಾ ಉಜ್ಜಬೇಕು. ಕೆಂಪು ನೀರು ಹರಿಯುತ್ತದೆ, ಎಲೆ ಅಡಿಕೆ ಉಗುಳಿದ ಹಾಗೆ. ಅಂಚು ಸುಲಭ. ಕಷ್ಟ ಇರುವುದು ಅಡಿಭಾಗದಲ್ಲಿ. ಹೆಂಚಿನ ಅಡಿಗೆ ಉಬ್ಬಿದ ಗೆರೆಗಳಿರುತ್ತವೆ, ರೀಪಿಗೆ ಸಿಕ್ಕಿಕೊಳ್ಳುವ ಮೂಗಿರುತ್ತದೆ. ಅವು ಪೂರ್ತಿ ಸವೆಯದಿದ್ದರೆ ಬಿಲ್ಲೆ ಕೂತಲ್ಲಿ ಕೂರುವುದಿಲ್ಲ, ಕುಂಟುತ್ತದೆ. ಒಂದು ಬಿಲ್ಲೆಗೆ ಅರ್ಧ ಗಂಟೆ ಹಿಡಿಯಿತು. ಏಳು ಮುಗಿಸೋಕೆ ನಾಲ್ಕು ಜನಕ್ಕೆ ಒಂದೂವರೆ ದಿನ, ಮಧ್ಯೆ ಮಾವಿನಕಾಯಿ ಉಪ್ಪು ಖಾರ ತಿಂದಿದ್ದೂ ಸೇರಿ. ಅಡಿಯ ಬಿಲ್ಲೆ ಅಂಗೈ ಅಗಲ, ಮೇಲಿನದು ಅದಕ್ಕಿಂತ ಎರಡು ಬೆರಳು ಕಡಿಮೆ. ಇದು ನನ್ನ ಹಟ. ಕೆಲವರು ಗೋಪುರದ ಹಾಗೆ ದೊಡ್ಡದರಿಂದ ಪುಟ್ಟದಕ್ಕೆ ಇಳಿಸುತ್ತಾರೆ. ಜೋಡಿಸಲು ಸುಲಭ ಆಗುತ್ತದೆ, ನಿಜ. ಆದರೆ ಅಷ್ಟು ಸುಲಭ ಆದರೆ ಚೆಂಡು ಹಿಡಿದವರಿಗೆ ಅನ್ಯಾಯ ಅಲ್ವಾ? ಬಿಲ್ಲೆಗಳು ಹತ್ತಿರ ಹತ್ತಿರ ಒಂದೇ ಸೈಜ್ ಇದ್ದರೆ, ಗಡಿಬಿಡಿಯಲ್ಲಿ ನಾಲ್ಕನೆಯದು ಸೊಟ್ಟ ಇಟ್ಟವನಿಗೆ ಆರನೆಯದರಲ್ಲಿ ಗೊತ್ತಾಗುತ್ತದೆ.

ಅತಿ ದೊಡ್ಡ ಬಿಲ್ಲೆಯ ಬೆನ್ನು ಮಾತ್ರ ಪೂರ್ತಿ ಉಜ್ಜಲಿಲ್ಲ. ಅದರಲ್ಲಿ '65' ಉಳಿದಿತ್ತು. ಕುಂಟದ ಹಾಗೆ ಮಣ್ಣಲ್ಲಿ ಒತ್ತಿ ಕೂರಿಸಿದರೆ ಸಾಕು.

ಚೆಂಡಿನ ವಿಷಯಕ್ಕೆ ಬಂದರೆ ಹೇಳೋದು ಜಾಸ್ತಿ ಇದೆ. ಚಿಕ್ಕಂದಿನಲ್ಲಿ ನಾನು ಆಡಿದ್ದಕ್ಕಿಂತ ಚೆಂಡು ಕಟ್ಟಿದ್ದೇ ಹೆಚ್ಚು. ನನ್ನ ಗುರಿ ಅಷ್ಟಕ್ಕಷ್ಟೆ. ಮೂರು ಎಸೆತದಲ್ಲಿ ಒಂದೂ ಬಿಲ್ಲೆಗೆ ತಾಗುತ್ತಿರಲಿಲ್ಲ. ಚೆಂಡು ಕಟ್ಟುವವನು ಅನ್ನೋ ಕಾರಣಕ್ಕೇ ನನ್ನನ್ನು ಸೇರಿಸಿಕೊಳ್ಳುತ್ತಿದ್ದರು.

ಒಳಗಿನ ತಿರುಳಿಗೆ ಹಳೇ ಹತ್ತಿ ಬಟ್ಟೆ ಬೇಕು. ಅಪ್ಪನ ಹರಿದ ಪಂಚೆ ಎಲ್ಲಕ್ಕಿಂತ ಒಳ್ಳೆಯದು. ಪಾಲಿಸ್ಟರ್ ಸೀರೆ ಜಾರುತ್ತದೆ, ಗಂಟು ನಿಲ್ಲಲ್ಲ. ಪಟ್ಟಿ ಪಟ್ಟಿ ಹರಿದು, ಒದ್ದೆ ಮಾಡಿ ಹಿಂಡಿ, ಬಿಗಿಯಾಗಿ ಸುತ್ತುತ್ತಾ ಹೋಗಬೇಕು. ನಿಂಬೆಹಣ್ಣಿನಿಂದ ಶುರುವಾಗಿ ಮೋಸಂಬಿಯಷ್ಟಾಗುವ ತನಕ. ಮೇಲೆ ಆಗ ಬಾಳೆ ನಾರು ಬಿಗಿಯುತ್ತಿದ್ದೆವು. ಈ ಸಲ ಗೋಣಿ ದಾರ ಹಾಕಿದೆ. ಒಂದು ದಿನ ನೆರಳಲ್ಲಿ ಒಣಗಿಸಿದೆ.

ಅದರ ಮೇಲೆ ಸೈಕಲ್ ಟ್ಯೂಬ್. ಹಾಸನದ ಒಂದು ಸೈಕಲ್ ಅಂಗಡಿಯಲ್ಲಿ ಹಳೇ ಟ್ಯೂಬ್ ಕೇಳಿದಾಗ ಅವರು ದುಡ್ಡು ತಗೊಳ್ಳಲಿಲ್ಲ. 'ಚೆಂಡಿಗಾ?' ಅಂದರು ಅಷ್ಟೆ. ಅವರಿಗೂ ನನ್ನಷ್ಟೇ ವಯಸ್ಸು. ದೊಡ್ಡ ಸೈಕಲ್ಲಿನ ಟ್ಯೂಬನ್ನು ವಾಲ್ವ್ ಹತ್ತಿರ ಕತ್ತರಿಸಿ ಬಿಚ್ಚಿದರೆ ಹತ್ತಿರ ಹತ್ತಿರ ಎರಡು ಮೀಟರ್ ಉದ್ದ ಬರುತ್ತದೆ. ಒಳಗೆ ಬಿಳಿ ಪುಡಿ ಇರುತ್ತದೆ. ಅದನ್ನು ಸೋಪು ನೀರಲ್ಲಿ ತೊಳೆಯದಿದ್ದರೆ ಬಳೆಗಳು ಒಂದರ ಮೇಲೊಂದು ಜಾರುತ್ತವೆ. ಆಮೇಲೆ ಕಿರುಬೆರಳಿನ ಅರ್ಧದಷ್ಟು ಅಗಲಕ್ಕೆ ಅಡ್ಡಡ್ಡ ಕತ್ತರಿಸಿ, ಬಳೆ ಬಳೆ. ಒಂದು ಬಳೆಯ ಸುತ್ತಳತೆ ಹನ್ನೊಂದು ಹನ್ನೆರಡು ಸೆಂಟಿಮೀಟರ್, ಚೆಂಡಿನದು ಹತ್ತೊಂಬತ್ತು ಇಪ್ಪತ್ತು. ಎಳೆದು ಹಾಕಿದಾಗ ಆ ವ್ಯತ್ಯಾಸವೇ ಬಟ್ಟೆಯನ್ನು ಹಿಂಡಿ ಹಿಡಿಯುವುದು. ಒಂದು ಬಳೆ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ, ಅದರ ಮುಂದಿನದು ಓರೆಗೆ. ಎಲ್ಲವನ್ನೂ ಒಂದೇ ಕಡೆ ಹಾಕಿದರೆ ಚೆಂಡು ಆಲೂಗಡ್ಡೆ ಆಗುತ್ತದೆ. ಬಟ್ಟೆ ಕಾಣದಾಗಲು ಸುಮಾರು ಅರವತ್ತು ಬಳೆ ಬೇಕಾಯಿತು. ಅಂದರೆ ಒಂದು ಟ್ಯೂಬಿಗೆ ಐದು ಚೆಂಡು ಆರಾಮಾಗಿ ಆಗುತ್ತದೆ.

ತಂಗಿಯ ಮಗನಿಗೆ ಇಷ್ಟು ಹೊತ್ತು ಕಾಯೋ ತಾಳ್ಮೆ ಇರಲಿಲ್ಲ. ಶೆಡ್ಡಲ್ಲಿ ಬೈಕಿನ ಹಳೇ ಟ್ಯೂಬ್ ಸಿಕ್ಕಿತು. ದಪ್ಪ ಇದೆ, ಹತ್ತೇ ಬಳೆ ಸಾಕು ಅಂತ ಅವನ ಲೆಕ್ಕ. ಸುಮ್ನೆ ನೋಡುತ್ತಾ ಕೂತೆ. ಆ ಚೆಂಡು ಕಲ್ಲಿನ ಹಾಗಾಯಿತು. ಮೊದಲನೇ ಪೆಟ್ಟು ನನ್ನ ಬೆನ್ನಿಗೇ ಬಿತ್ತು, ಎರಡು ದಿನ ಗುರುತಿತ್ತು.

ಅವನನ್ನು ಬೈಯುವ ಹಾಗಿಲ್ಲ. ಹತ್ತು ವರ್ಷದವನಿದ್ದಾಗ ನಾನು ಅದಕ್ಕಿಂತ ದೊಡ್ಡ ಬುದ್ಧಿವಂತಿಕೆ ಮಾಡಿದ್ದೆ. ಟ್ಯೂಬ್ ಸಿಗದ ಒಂದು ಬೇಸಿಗೆಯಲ್ಲಿ, ಬಟ್ಟೆ ಬಿಚ್ಚದ ಹಾಗೆ ಹಲಸಿನ ಮೇಣ ಸವರಿದೆ. ಮೇಣ ಬಟ್ಟೆಗೆ ಹಿಡಿಯುವ ಮೊದಲು ನನ್ನ ಎರಡೂ ಕೈಗೆ ಹಿಡಿಯಿತು. ತಲೆ ಕೆರೆದುಕೊಂಡೆ, ಕೂದಲಿಗೂ ಹಿಡಿಯಿತು. ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ಎರಡೂ ಮುಗಿದ ಮೇಲೆ ಅಜ್ಜಿ ಕತ್ತರಿ ತಂದರು. ಚೆಂಡು ಕಣದಲ್ಲಿ ಒಂದು ಸುತ್ತು ಉರುಳಿದ್ದಷ್ಟೆ. ಕಾಫಿ ಸಿಪ್ಪೆ, ಕಡ್ಡಿ, ಕೋಳಿ ಪುಕ್ಕ ಎಲ್ಲ ಮೆತ್ತಿಕೊಂಡು ಮುಳ್ಳುಹಂದಿ ಆಯಿತು.

ನಮ್ಮ ಮೈದಾನ ಅಂದರೆ ಆ ಕಾಫಿ ಕಣವೇ. ರೋಬಸ್ಟಾ ಒಣಗಿ ಚೀಲಕ್ಕೆ ಸೇರುವಷ್ಟರಲ್ಲಿ ಮಾರ್ಚ್ ಮುಗಿಯುತ್ತಿತ್ತು. ಏಪ್ರಿಲ್ 10ಕ್ಕೆ ರಿಸಲ್ಟು. ಸಗಣಿ ಸಾರಿಸಿದ ಖಾಲಿ ಕಣ, ಖಾಲಿ ಹುಡುಗರು. ಲೈನ್ ಮನೆಯ ಮಕ್ಕಳೂ ಬರುತ್ತಿದ್ದರು. ವರ್ಷವಿಡೀ ಅವರು ನಮ್ಮ ಅಂಗಳದ ಅಂಚಲ್ಲೇ ನಿಲ್ಲುತ್ತಿದ್ದರು. ಒಳಗೆ ಕರೆಯುವ ಪದ್ಧತಿ ಇರಲಿಲ್ಲ, ಈಗ ನೆನೆದರೆ ಕಸಿವಿಸಿ ಆಗುತ್ತದೆ. ಕಣದಲ್ಲಿ ಮಾತ್ರ ಲೆಕ್ಕವೇ ಬೇರೆ. ಅವರಲ್ಲಿ ಒಬ್ಬಳು ಹುಡುಗಿ ಹದಿನೈದು ಹೆಜ್ಜೆ ದೂರದಿಂದ ಮೇಲಿನ ಎರಡೇ ಬಿಲ್ಲೆ ಬೀಳಿಸುತ್ತಿದ್ದಳು. ಏಳೂ ಚೆಲ್ಲಿದರೆ ಜೋಡಿಸೋಕೆ ಹೊತ್ತು ಹಿಡಿಯುತ್ತದೆ, ಎರಡೇ ಬಿದ್ದರೆ ಕಣ್ಣು ಮಿಟುಕಿಸುವುದರಲ್ಲಿ ಲಗೋರಿ. ನಾವೆಲ್ಲ ಜೋರಾಗಿ ಎಸೆಯೋದೇ ಶೌರ್ಯ ಅಂದುಕೊಂಡಿದ್ದೆವು. ಟೀಮ್ ಆರಿಸುವಾಗ ಅವಳಿಗಾಗಿ ಜಗಳ.

ನಿಯಮ ಎಲ್ಲರಿಗೂ ಗೊತ್ತಿರೋದೇ, ಹೇಳುತ್ತಾ ಕೂರಲ್ಲ. ನಮ್ಮಲ್ಲಿ ಬೇರೆ ಇದ್ದದ್ದು ಎರಡು. ಚೆಂಡು ಕೈಯಲ್ಲಿದ್ದವನು ಓಡುವ ಹಾಗಿಲ್ಲ, ಪಾಸ್ ಮಾಡಬೇಕು ಇಲ್ಲಾ ನಿಂತಲ್ಲಿಂದ ಹೊಡೆಯಬೇಕು. ಇನ್ನೊಂದು, ಚೆಂಡು ಕಾಫಿ ಗಿಡದೊಳಗೆ ಹೋದರೆ ಆಟ ನಿಲ್ಲುವುದಿಲ್ಲ. ಹೊಡೆಯುವವರು ಹುಡುಕುತ್ತಿರಬೇಕು, ಅಷ್ಟರಲ್ಲಿ ಇವರು ಜೋಡಿಸಿಕೊಳ್ಳಬಹುದು. ಹಾಗಾಗಿ ಸಿಟ್ಟಲ್ಲಿ ಬೀಸಿ ಹೊಡೆದವನಿಗೆ ತನ್ನ ಟೀಮಿನವರಿಂದಲೇ ಬೈಗುಳ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದ ದಿನಗಳಲ್ಲಿ ಮಾತ್ರ ಅಪ್ಪನ ನಿಯಮ: ಒಂದು ಹೂವು ಉದುರಿದರೂ ಚೆಂಡು ಒಲೆಗೆ. ಒಂದು ಸಲ ನಿಜವಾಗಿಯೂ ಹಾಕಿದ್ದರು. ರಬ್ಬರ್ ಸುಟ್ಟ ವಾಸನೆ ಬಚ್ಚಲಿನಿಂದ ಹೋಗಲು ವಾರ ಬೇಕಾಯಿತು. ಅದಾದ ಮೇಲೆ ಅವರೂ ಬರೀ ಹೆದರಿಸುತ್ತಿದ್ದರು.

ಹೋದ ವರ್ಷ ಮಗನಿಗೆ ಆನ್‌ಲೈನ್‌ನಲ್ಲಿ ಲಗೋರಿ ಸೆಟ್ ತರಿಸಿದ್ದೆ. ಏಳು ಪ್ಲಾಸ್ಟಿಕ್ ಬಿಲ್ಲೆ, ಏಳು ಬಣ್ಣ, ಒಂದು ಮೆತ್ತನೆ ಚೆಂಡು. ಹಾಸನದ ನಮ್ಮ ತಾರಸಿಯಲ್ಲಿ ಜೋಡಿಸಿದರೆ ಗಾಳಿಗೇ ಬೀಳುತ್ತಿತ್ತು. ಚೆಂಡು ತಗುಲಿದ್ದು ಗೊತ್ತೇ ಆಗಲ್ಲ, ಹಾಗಾಗಿ ಪ್ರತಿ ಸಲ 'ತಾಗಿತು', 'ತಾಗಿಲ್ಲ' ಅಂತ ಜಗಳ. ಟೆನಿಸ್ ಬಾಲ್ ಕೊಟ್ಟರೆ ಪುಟಿದು ಮೂರನೇ ಮನೆಗೆ ಹೋಗುತ್ತದೆ. ಟ್ಯೂಬಿನ ಚೆಂಡು ಮೊಣಕಾಲೆತ್ತರಕ್ಕಿಂತ ಮೇಲೆ ಪುಟಿಯುವುದಿಲ್ಲ, ಬಿದ್ದಲ್ಲೇ ನಾಲ್ಕು ಹೆಜ್ಜೆ ಉರುಳಿ ನಿಲ್ಲುತ್ತದೆ. ಬೆನ್ನಿಗೆ ಬಿದ್ದರೆ ಚುರ್ ಅನ್ನುತ್ತದೆ, ವಾದಕ್ಕೆ ಜಾಗ ಇರಲ್ಲ.

ಮೂರನೇ ದಿನ ಸಂಜೆ ಆಟ ಶುರುವಾಯಿತು. ಜನ ಸಾಲದೆ ಶೀಟ್ ಹಾಕಲು ಬಂದ ಇಬ್ಬರು ಹುಡುಗರನ್ನೂ ಸೇರಿಸಿಕೊಂಡೆವು. ತಂಗಿಯ ಮಗಳಿಗೆ ಆರು ವರ್ಷ, ಅವಳು ಆಟಕ್ಕುಂಟು ಲೆಕ್ಕಕ್ಕಿಲ್ಲ. ಆದರೆ ಎಲ್ಲರೂ ಚೆಂಡಿನ ಹಿಂದೆ ಓಡುವಾಗ, ಯಾರೂ ಗಮನಿಸದ ಅವಳೇ ಹೋಗಿ ನಾಲ್ಕು ಬಿಲ್ಲೆ ಜೋಡಿಸಿದ್ದಳು. ಲೆಕ್ಕಕ್ಕಿಲ್ಲದವಳು ಜೋಡಿಸಿದ್ದು ಲೆಕ್ಕಕ್ಕುಂಟಾ? ಹತ್ತು ನಿಮಿಷ ವಾದ ಆಯಿತು. ಅಷ್ಟರಲ್ಲಿ ಗುಡುಗು, ಹಿಂದೆಯೇ ದಪ್ಪ ಹನಿ. ಬಿಲ್ಲೆ ಬಿಟ್ಟು ಒಳಗೆ ಓಡಿದೆವು. ಚೆಂಡು ನೀರು ಕುಡಿದು ಎರಡರಷ್ಟು ಭಾರವಾಗಿತ್ತು. ಬಚ್ಚಲ ಒಲೆಯ ಕಟ್ಟೆ ಮೇಲೆ, ಬೆಂಕಿಗೆ ದೂರ, ಒಣಗಲು ಇಟ್ಟೆ.

ಮಕ್ಕಳು ಬಿಲ್ಲೆಗಳನ್ನು ಪೇಪರಲ್ಲಿ ಸುತ್ತಿಕೊಂಡು ಬೆಂಗಳೂರಿಗೆ ಹೋದರು. '65' ಇದ್ದ ಬಿಲ್ಲೆ ನನ್ನ ಮಗ ಬಿಟ್ಟುಕೊಡಲಿಲ್ಲ. ಅದರ ಬದಲು ಒಂದು ಟೈಲ್ಸ್ ಚೂರು ಹಾಕಿಕೊಂಡಿದ್ದಾರಂತೆ, ಜಾರುತ್ತದೆ ಅಂತ ದೂರು. ಹೋದ ವಾರ ತಂಗಿಯ ಮಗ ಫೋನ್ ಮಾಡಿದ್ದ. ಅಪಾರ್ಟ್‌ಮೆಂಟಿನ ಕೆಳಗೆ ಪಾರ್ಕಿಂಗ್ ಜಾಗದಲ್ಲಿ ಆಡುತ್ತಿದ್ದರಂತೆ, ಹಿಂದೆ ಗಲಾಟೆ ಕೇಳುತ್ತಿತ್ತು.

'ಮಾವ, ಚೆಂಡು ಕಾರ್ ಕೆಳಗೆ ಹೋಗಿದೆ. ಆಟ ನಿಲ್ಸೋದಾ, ಬೇಡ್ವಾ?'

'ಕಾಫಿ ಗಿಡದ ಲೆಕ್ಕಾನೇ ಕಣೋ' ಅಂದೆ.

'ಹೇಳಿಲ್ವಾ ನಾನು! ಜೋಡಿಸ್ರೋ!' ಅಂತ ಕೂಗಿದ. ಫೋನ್ ಕಟ್ ಮಾಡುವುದನ್ನೂ ಮರೆತಿದ್ದ.