ಅಲಾರಂ ಕೂಗಿದ ಮೇಲೆ ಎಷ್ಟು ಹೊತ್ತು? ಟ್ರಾನ್ಸ್‌ಮಿಟರ್ ಬ್ಯಾಟರಿ ಆರಿಸಿದ ನನ್ನ ಅನುಭವ

ರೇಡಿಯೊ ನಿಯಂತ್ರಿತ ಗ್ಲೈಡರ್ ಹಾರಿಸಲು ತೊಡಗಿದ ಮೊದಲ ವರ್ಷಗಳಲ್ಲಿ ನಾನು ವಿಮಾನದೊಳಗಿನ ಬ್ಯಾಟರಿಯನ್ನು ಪ್ರತಿ ಹಾರಾಟಕ್ಕೂ ಮುನ್ನ ಅಳೆದು ನೋಡುತ್ತಿದ್ದೆ. ವಿಮಾನಕ್ಕೆ ರೇಡಿಯೊ ಸಂಕೇತ ಕಳಿಸುವ, ಕೈಯಲ್ಲಿರುವ ಟ್ರಾನ್ಸ್‌ಮಿಟರಿನ ಬ್ಯಾಟರಿಯ ಕಡೆ ಅಷ್ಟು ಗಮನ ಕೊಡುತ್ತಿರಲಿಲ್ಲ. ಟ್ರಾನ್ಸ್‌ಮಿಟರ್ ಎಳೆಯುವ ವಿದ್ಯುತ್ತು ಬಲು ಕಡಿಮೆ. ನನ್ನ ಹಳೆಯ ಟ್ರಾನ್ಸ್‌ಮಿಟರಿನಲ್ಲಿ ಅದು ಸುಮಾರು 200 ಮಿಲಿಆಂಪ್, ಅಂದರೆ 2000 ಎಂಎಎಚ್ (ಮಿಲಿಆಂಪ್-ಗಂಟೆ, ಸೆಲ್ಲಿನ ಸಾಮರ್ಥ್ಯದ ಅಳತೆ) ಸೆಲ್ಲುಗಳಿದ್ದರೆ ಲೆಕ್ಕದ ಪ್ರಕಾರ ಹತ್ತು ಗಂಟೆ ನಡೆಯಬೇಕು. ಹೀಗಾಗಿ ಎಂಎಎಚ್ ಅಂಕಿ ದೊಡ್ಡದಿರುವ ಸೆಲ್ಲನ್ನು ತಂದು ಹಾಕಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಆ ಎಣಿಕೆ ತಪ್ಪಾಗಿತ್ತು.

ಆ ಟ್ರಾನ್ಸ್‌ಮಿಟರಿಗೆ ಡಬಲ್ ಎ ಗಾತ್ರದ ಎಂಟು ಸೆಲ್ಲುಗಳು ಬೇಕು. ಮೊದಲು ಬಳಸಿದ್ದು ಅಂಗಡಿಯಲ್ಲಿ ಸಿಗುವ ಆಲ್ಕಲೈನ್ ಸೆಲ್ಲುಗಳನ್ನು. ಅವುಗಳ ಒಂದು ಗುಣವನ್ನು ನಾನು ಈಗಲೂ ಮೆಚ್ಚುತ್ತೇನೆ: ಹೊಸದಿದ್ದಾಗ 1.6 ವೋಲ್ಟ್‌ನಷ್ಟಿರುವ ಸೆಲ್ಲು ಬಳಸಿದಂತೆಲ್ಲ ನಿಧಾನವಾಗಿ ಇಳಿಯುತ್ತಾ ಹೋಗುವುದರಿಂದ, ಪರದೆಯ ಮೇಲಿನ ವೋಲ್ಟೇಜ್ ನೋಡಿದರೆ ಇನ್ನೆಷ್ಟು ಉಳಿದಿದೆ ಎಂಬುದು ಹೆಚ್ಚುಕಡಿಮೆ ತಿಳಿಯುತ್ತದೆ. ಆದರೆ ಅವು ಮುಗಿದರೆ ಎಸೆಯಬೇಕು, ಮರೆತು ಒಳಗೇ ಬಿಟ್ಟರೆ ಸೋರುತ್ತವೆ. ಒಮ್ಮೆ ಹಾಗೆ ಸೋರಿದ ಕ್ಷಾರ ಸ್ಪ್ರಿಂಗುಗಳನ್ನು ತಿಂದಿತ್ತು. ಹತ್ತಿಯಲ್ಲಿ ವಿನೆಗರ್ ಅದ್ದಿ ಒರೆಸಿ, ಒಣಗಿಸಿ, ಸರಿಪಡಿಸಿಕೊಂಡೆ. ಆ ಬಳಿಕ ರೀಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳಿಗೆ ಬದಲಾದೆ.

ನನಗೆ ಪಾಠವಾದದ್ದು ಈ ಹಂತದಲ್ಲಿ. ಎರಡು ವಾರ ಹಿಂದೆ ಪೂರ್ತಿ ಚಾರ್ಜ್ ಮಾಡಿಟ್ಟಿದ್ದ ಸೆಲ್ಲುಗಳನ್ನು ಹಾಗೆಯೇ ಹಾಕಿಕೊಂಡು ಹೋಗಿ, ಗ್ಲೈಡರನ್ನು ಎತ್ತರಕ್ಕೆ ಏರಿಸಿದ್ದೆ. ಬ್ಯಾಟರಿ ವೋಲ್ಟೇಜ್ ಇಳಿದಾಗ ಎಚ್ಚರಿಸುವ ಟ್ರಾನ್ಸ್‌ಮಿಟರಿನ ಅಲಾರಂ ಕೂಗಿತು, ಇಳಿಸೋಣವೆಂದು ತಿರುಗಿಸುವಷ್ಟರಲ್ಲಿ, ಎರಡು ನಿಮಿಷವೂ ಆಗಿರಲಿಲ್ಲ, ಪರದೆ ಆರಿಹೋಯಿತು. ಗ್ಲೈಡರ್ ತನ್ನಷ್ಟಕ್ಕೆ ಸುತ್ತುತ್ತಾ ದೂರದ ಪೊದೆಗಳ ಮೇಲೆ ಬಿದ್ದು ಒಂದು ರೆಕ್ಕೆ ಮುರಿಯಿತು. ಅಲ್ಲಿ ಯಾರೂ ಇಲ್ಲದಿದ್ದುದು ದೊಡ್ಡ ಪುಣ್ಯ. ಮನೆಗೆ ಬಂದು ಮಲ್ಟಿಮೀಟರಿನಿಂದ ಒಂದೊಂದೇ ಸೆಲ್ಲನ್ನು ಅಳೆದಾಗ ಆರು ಸೆಲ್ಲುಗಳು 1.2 ವೋಲ್ಟ್‌ಗಿಂತ ಮೇಲೆಯೇ ಇದ್ದವು, ಉಳಿದೆರಡರಲ್ಲಿ ಅರ್ಧ ವೋಲ್ಟ್ ಕೂಡ ಇರಲಿಲ್ಲ. ಆ ಎರಡು ನನ್ನ ಹಳೆಯ ಸೆಟ್ಟಿನವು. ಹೊಸ ಸೆಟ್ಟಿನಲ್ಲಿ ಎರಡು ಕಡಿಮೆ ಬಿದ್ದಾಗ ಸೇರಿಸಿಕೊಂಡಿದ್ದೆ. ಸಾಲಾಗಿ ಜೋಡಿಸಿದ ಸೆಲ್ಲುಗಳಲ್ಲಿ ದುರ್ಬಲವಾದದ್ದು ಮೊದಲು ಖಾಲಿಯಾಗುತ್ತದೆ, ಉಳಿದವು ಅದರ ಮೂಲಕವೇ ವಿದ್ಯುತ್ತನ್ನು ತಳ್ಳುತ್ತಲೇ ಇರುವುದರಿಂದ ಅದರ ಧ್ರುವಗಳು ತಿರುಗುಮುರುಗಾಗಿ, ಒಟ್ಟು ವೋಲ್ಟೇಜ್ ಒಮ್ಮೆಗೇ ಕುಸಿಯುತ್ತದೆ. ಸಾಮಾನ್ಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು ಸುಮ್ಮನೆ ಇಟ್ಟರೂ ಬರಿದಾಗುತ್ತಾ ಹೋಗುತ್ತವೆ, ಹಳೆಯವು ಇನ್ನೂ ಬೇಗ. ಎರಡು ವಾರದ ವಿರಾಮ ಆ ಅಂತರವನ್ನು ಹಿಗ್ಗಿಸಿತ್ತು.

ಅಂದಿನಿಂದ ನನ್ನ ಪ್ರಶ್ನೆಯೇ ಬದಲಾಯಿತು. ಈ ಬ್ಯಾಟರಿ ಎಷ್ಟು ಹೊತ್ತು ನಡೆಯುತ್ತದೆ ಎಂಬುದಕ್ಕಿಂತ, ಅಲಾರಂ ಕೂಗಿದ ಮೇಲೆ ಎಷ್ಟು ಹೊತ್ತು ನಡೆಯುತ್ತದೆ ಎಂಬುದನ್ನು ನಾನು ಮೊದಲು ಕೇಳಿಕೊಳ್ಳುತ್ತೇನೆ.

ಉತ್ತರ ಹುಡುಕಲು ಮೇಜಿನ ಮೇಲೆಯೇ ಪರೀಕ್ಷೆ ಮಾಡಿದೆ. ಪೂರ್ತಿ ಚಾರ್ಜ್ ಆದ ಸೆಲ್ಲುಗಳನ್ನು ಹಾಕಿ, ಆಂಟೆನಾ ಸರಿಯಾಗಿ ಕೂತಿದೆಯೆಂದು ಖಚಿತಪಡಿಸಿಕೊಂಡು (ಆಂಟೆನಾ ಇಲ್ಲದೆ ಚಾಲೂ ಮಾಡಿದರೆ ಸಂಕೇತ ಕಳಿಸುವ ಭಾಗವೇ ಕೆಡಬಹುದು), ಟ್ರಾನ್ಸ್‌ಮಿಟರನ್ನು ಚಾಲೂ ಇಟ್ಟು ಹದಿನೈದು ನಿಮಿಷಕ್ಕೊಮ್ಮೆ ವೋಲ್ಟೇಜ್ ಬರೆದುಕೊಳ್ಳುತ್ತಾ ಹೋದೆ. ಎಂಟು ಸೆಲ್ಲುಗಳ ಒಟ್ಟು ವೋಲ್ಟೇಜ್ 8ಕ್ಕೆ, ಅಂದರೆ ಸೆಲ್ಲೊಂದಕ್ಕೆ 1 ವೋಲ್ಟ್‌ಗೆ ಇಳಿದಾಗ ನಿಲ್ಲಿಸಿದೆ. ಅದಕ್ಕಿಂತ ಕೆಳಗೆ ಎಳೆದರೆ ಸೆಲ್ಲುಗಳಿಗೇ ಹಾನಿ. ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲು ಆಲ್ಕಲೈನಿನಂತೆ ಹಂತಹಂತವಾಗಿ ಇಳಿಯುವುದಿಲ್ಲ. ಬಹುಪಾಲು ಸಮಯ 1.2ರ ಆಸುಪಾಸಿನಲ್ಲೇ ನಿಂತಿದ್ದು, ಕೊನೆಯಲ್ಲಿ ಜಾರಿಬೀಳುತ್ತದೆ. ಅಲಾರಂ 8.8 ವೋಲ್ಟ್‌ಗೆ ಇದ್ದಾಗ ನನಗೆ ಸಿಕ್ಕಿದ್ದು ಸುಮಾರು ಇಪ್ಪತ್ತೈದು ನಿಮಿಷ. ಅದನ್ನು 9.2ಕ್ಕೆ ಏರಿಸಿದ ಮೇಲೆ ಒಂದು ಗಂಟೆಯ ಹತ್ತಿರ ಸಿಕ್ಕಿತು. ಏರಿಸಿದ್ದರಿಂದ ಬಳಸದೆ ಉಳಿಯುವ ಸ್ವಲ್ಪ ಚಾರ್ಜ್ ನಷ್ಟವೆಂದು ನನಗೆ ಅನ್ನಿಸಿಲ್ಲ. ಪರದೆಯ ಮೇಲಿನ ಪಟ್ಟಿಚಿತ್ರವನ್ನಂತೂ ನಾನು ನೋಡುವುದೇ ಇಲ್ಲ. ಅದು ಆಲ್ಕಲೈನ್‌ಗೆ ಹೊಂದಿಸಿದ್ದಾದರೆ ಪೂರ್ತಿ ತುಂಬಿದ ನಿಕಲ್ ಮೆಟಲ್ ಹೈಡ್ರೈಡ್ ಸೆಟ್ಟನ್ನೂ ಅರ್ಧ ಖಾಲಿ ಎಂದು ತೋರಿಸಬಹುದು.

ಆ ಟ್ರಾನ್ಸ್‌ಮಿಟರಿಗೆ ಕೊನೆಗೆ ನಾನು ಆರಿಸಿದ್ದು ಚಾರ್ಜನ್ನು ಬಹುಕಾಲ ಹಿಡಿದಿಟ್ಟುಕೊಳ್ಳುವ ಬಗೆಯ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳನ್ನು. 2005ರಲ್ಲಿ ಸಾನ್ಯೊ ಎನೆಲೂಪ್ ಹೆಸರಿನಲ್ಲಿ ಹೊರತಂದ ಈ ಬಗೆಯ ಸೆಲ್ಲುಗಳು ತಿಂಗಳುಗಟ್ಟಲೆ ಇಟ್ಟರೂ ಹೆಚ್ಚಿನ ಚಾರ್ಜನ್ನು ಉಳಿಸಿಕೊಳ್ಳುತ್ತವೆ. ಇದೇ ಬಗೆಯಲ್ಲಿ 2500 ಎಂಎಎಚ್ ಸೆಲ್ಲುಗಳೂ ಸಿಗುತ್ತವೆ, ಆದರೆ ಅವು ತಾಳುವ ಚಾರ್ಜ್ ಸುತ್ತುಗಳು ಕಡಿಮೆ. ಆದ್ದರಿಂದ 2000 ಎಂಎಎಚ್‌ನವನ್ನೇ ತೆಗೆದುಕೊಂಡೆ. ಎಂಟನ್ನೂ ಒಂದೇ ದಿನ ಕೊಂಡು, ಸಂಖ್ಯೆ ಬರೆದು, ಒಂದು ಸೆಟ್ಟಿನಿಂದ ಇನ್ನೊಂದಕ್ಕೆ ಎಂದೂ ಕಲಸುವುದಿಲ್ಲ. ಸ್ಪ್ರಿಂಗಿನ ಹೋಲ್ಡರಿನಲ್ಲಿ ಎಂಟು ಸೆಲ್ಲಿಗೆ ಹದಿನಾರು ಸಂಪರ್ಕಗಳಿರುತ್ತವೆ, ಅವುಗಳಲ್ಲಿ ಯಾವುದಕ್ಕೆ ಕಿಲುಬು ಹಿಡಿದರೂ ಟ್ರಾನ್ಸ್‌ಮಿಟರ್ ನಿಂತುಹೋಗಬಹುದು. ಅದನ್ನು ಬಿಟ್ಟು, ತುದಿಗಳಿಗೆ ಪಟ್ಟಿ ಬೆಸೆದ ಸಿದ್ಧ ಪ್ಯಾಕನ್ನೂ ಬಳಸಬಹುದು. ನಾನು ಹೋಲ್ಡರನ್ನೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಪ್ರತಿ ಸೆಲ್ಲನ್ನೂ ಪ್ರತ್ಯೇಕವಾಗಿ ಚಾರ್ಜ್ ಮಾಡಿ ಅದರ ಸಾಮರ್ಥ್ಯ ಅಳೆಯುವ ಚಾರ್ಜರ್ ನನ್ನಲ್ಲಿದೆ. ಸಂಪರ್ಕಗಳನ್ನು ಮಾತ್ರ ಆಗಾಗ ಒರೆಸುತ್ತೇನೆ.

ಎರಡನೆಯ ಟ್ರಾನ್ಸ್‌ಮಿಟರ್ ಲಿಥಿಯಂ ಬ್ಯಾಟರಿಗೆಂದೇ ರೂಪಿಸಿದ್ದು. ಅದಕ್ಕೆ ಮೊದಲು ಎರಡು ಸೆಲ್ಲಿನ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್ ಹಾಕಿ ನೋಡಿದೆ. ಬಾಳಿಕೆಯಲ್ಲೂ ಸುರಕ್ಷತೆಯಲ್ಲೂ ಅದು ಉತ್ತಮ. ಆದರೆ ಅದರ ವೋಲ್ಟೇಜ್ 6.6ರ ಹತ್ತಿರ ಗಂಟೆಗಟ್ಟಲೆ ಅಲುಗದೆ ನಿಂತು, ಮುಗಿಯುವ ಹೊತ್ತಿಗೆ ತಟ್ಟನೆ ಬೀಳುತ್ತದೆ, ಆದ್ದರಿಂದ ಅಂಥ ಪ್ಯಾಕನ್ನು ಗಡಿಯಾರ ನೋಡಿಯೇ ಬಳಸಬೇಕಾಗುತ್ತದೆ. ಆಮೇಲೆ ಹಾಕಿದ 18650 ಗಾತ್ರದ ಎರಡು ಲಿಥಿಯಂ ಅಯಾನ್ ಸೆಲ್ಲುಗಳು ಪೂರ್ತಿ ತುಂಬಿದಾಗ 8.4 ವೋಲ್ಟ್ ಇದ್ದು, ಅಲ್ಲಿಂದ ಹಂತಹಂತವಾಗಿ ಇಳಿಯುತ್ತವೆ. ಅಲಾರಂ 7.2ಕ್ಕೆ ಇಟ್ಟಿದ್ದೇನೆ, ಕೂಗಿದ ಮೇಲೆ ನಿಶ್ಚಿಂತೆಯಿಂದ ಇಳಿಸಿ, ಸಾಮಾನು ಕಟ್ಟಿಕೊಳ್ಳುವಷ್ಟು ಸಮಯ ಮಿಗುತ್ತದೆ. ಕೊಳ್ಳುವ ಮುನ್ನ ಗೂಡಿನ ಉದ್ದ ಅಳೆಯಬೇಕು, ಏಕೆಂದರೆ ರಕ್ಷಣಾ ಸರ್ಕ್ಯೂಟ್ ಇರುವ 18650 ಸೆಲ್ಲುಗಳು 65 ಮಿಲಿಮೀಟರಿಗಿಂತ ಉದ್ದವಾಗಿದ್ದು ಕೆಲವು ಗೂಡುಗಳಲ್ಲಿ ಕೂರುವುದಿಲ್ಲ. ವಿಮಾನಕ್ಕೆಂದು ತಂದ ದೊಡ್ಡ ಲೈಪೋ (ಲಿಥಿಯಂ ಪಾಲಿಮರ್) ಪ್ಯಾಕನ್ನು ಇಲ್ಲಿ ತುರುಕುವ ಅಗತ್ಯವಿಲ್ಲ. ಒಮ್ಮೆಗೇ ಹೆಚ್ಚು ವಿದ್ಯುತ್ತು ಕೊಡುವ ಅದರ ಸಾಮರ್ಥ್ಯದಿಂದ ಟ್ರಾನ್ಸ್‌ಮಿಟರಿಗೆ ಪ್ರಯೋಜನವೇನೂ ಇಲ್ಲ, ತೂಕದಿಂದ ಕುತ್ತಿಗೆಯ ಪಟ್ಟಿಗೆ ನೇತುಹಾಕಿದ ಪೆಟ್ಟಿಗೆಯ ಸಮತೋಲ ಕೆಡುತ್ತದೆ.

ಡಬಲ್ ಎ ಗಾತ್ರದಲ್ಲೇ ಸಿಗುವ ಎರಡು ಬಗೆಯ ಸೆಲ್ಲುಗಳಿಂದ ನಾನು ದೂರವಿದ್ದೇನೆ. ಒಂದು 14500 ಎಂಬ ಲಿಥಿಯಂ ಸೆಲ್ಲು: ನೋಡಲು ಡಬಲ್ ಎ ಸೆಲ್ಲಿನಂತೆಯೇ ಇದ್ದರೂ ಒಂದೊಂದೂ 3.7 ವೋಲ್ಟ್, ಪೂರ್ತಿ ತುಂಬಿದಾಗ 4.2. ನಾಲ್ಕು ಸೆಲ್ಲಿನ ಟ್ರಾನ್ಸ್‌ಮಿಟರಿಗೆ ಇವನ್ನು ಹಾಕಿದರೆ 6 ವೋಲ್ಟ್ ಇರಬೇಕಾದಲ್ಲಿ 16.8 ವೋಲ್ಟ್ ಬರುತ್ತದೆ. ಇನ್ನೊಂದು, ಒಳಗೊಂದು ಪುಟ್ಟ ಸರ್ಕ್ಯೂಟ್ ಇಟ್ಟು ಕೊನೆಯವರೆಗೂ 1.5 ವೋಲ್ಟ್ ಕೊಡುವ, ಯುಎಸ್‌ಬಿಯಿಂದ ಚಾರ್ಜ್ ಆಗುವ ಲಿಥಿಯಂ ಸೆಲ್ಲು. ಟಾರ್ಚಿಗೂ ಆಟಿಕೆಗೂ ಇದು ಬಹಳ ಒಳ್ಳೆಯದು. ಟ್ರಾನ್ಸ್‌ಮಿಟರಿನಲ್ಲಿ ಮಾತ್ರ, ಸೆಲ್ಲು ಖಾಲಿಯಾಗುವ ಗಳಿಗೆಯವರೆಗೂ ವೋಲ್ಟೇಜ್ ಇಳಿಯದೇ ಇರುವುದರಿಂದ ಅಲಾರಂ ಕೂಗುವುದಕ್ಕೆ ಅವಕಾಶವೇ ಸಿಗದೆ ಹೋಗಬಹುದು.

ಬ್ಯಾಟರಿ ಬದಲಿಸುವವರು ಕನೆಕ್ಟರಿನ ವಿಷಯದಲ್ಲಿ ಆತುರಪಡಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಎರಡು ಕಂಪನಿಗಳ ಪ್ಲಗ್ಗುಗಳು ಆಕಾರದಲ್ಲಿ ಒಂದೇ ಇದ್ದರೂ ಪ್ಲಸ್ ಮತ್ತು ಮೈನಸ್ ಅದಲುಬದಲಾಗಿರಬಹುದು. ತಂತಿಯ ಬಣ್ಣವನ್ನು ನಂಬದೆ ಮಲ್ಟಿಮೀಟರಿನಿಂದ ನೋಡಿಯೇ ಜೋಡಿಸುತ್ತೇನೆ. ಕೆಲವು ಟ್ರಾನ್ಸ್‌ಮಿಟರುಗಳ ಚಾರ್ಜಿಂಗ್ ಸಾಕೆಟ್ಟಿನ ಹಿಂದೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇರುತ್ತದೆ. ಅಂಥವುಗಳಲ್ಲಿ ಹೊರಗಿನ ಚಾರ್ಜರಿಗೆ ಬ್ಯಾಟರಿಯ ನಿಜವಾದ ವೋಲ್ಟೇಜ್ ಕಾಣಿಸದು. ಅದಕ್ಕಾಗಿ ನಾನು ಬ್ಯಾಟರಿಯನ್ನು ಹೊರತೆಗೆದೇ ಚಾರ್ಜ್ ಮಾಡುತ್ತೇನೆ. ಲಿಥಿಯಂ ಆದರೆ ಪಕ್ಕದಲ್ಲಿ ಕೂತಿದ್ದು, ಸೆಲ್ಲುಗಳನ್ನೆಲ್ಲ ಒಂದೇ ವೋಲ್ಟೇಜಿಗೆ ತರುವ ಬ್ಯಾಲೆನ್ಸ್ ಚಾರ್ಜರಿನಲ್ಲಿ.

ವರ್ಷಕ್ಕೊಮ್ಮೆ ಎಂಟು ಸೆಲ್ಲುಗಳ ಸಾಮರ್ಥ್ಯವನ್ನೂ ಅಳೆದು, ಸೆಲ್ಲಿನ ಸಂಖ್ಯೆಯ ಮುಂದೆ ಬರೆದಿಡುತ್ತೇನೆ. ಯಾವುದಾದರೂ ಒಂದು 1600 ಎಂಎಎಚ್‌ಗಿಂತ ಕೆಳಗಿಳಿದರೆ ಇಡೀ ಸೆಟ್ಟನ್ನೇ ಟ್ರಾನ್ಸ್‌ಮಿಟರಿನಿಂದ ತೆಗೆದು, ಗಡಿಯಾರಕ್ಕೋ ಟಾರ್ಚಿಗೋ ಕೊಟ್ಟು, ಹೊಸ ಎಂಟನ್ನು ಕೊಂಡು, ಮೇಜಿನ ಮೇಲಿನ ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಮಾಡುತ್ತೇನೆ.